ಕಾಫಿ ಕೊಯ್ಲು ಬಿಟ್ಟು ಮರುಭೂಮಿಗೆ ಹೋಗೋದು ಯಾವಾಗ?

ನಾಪೋಕ್ಲು ತೋಟದವ: ಅಪ್ಪ ಅಮ್ಮನಿಗೆ ಜೈಸಲ್ಮೇರ್ ಮರಳುಗಾಡು ತೋರಿಸಬೇಕು ಅಂತ ಬಹಳ ದಿನದ ಆಸೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಕೇಳಿದವರೆಲ್ಲ ಡಿಸೆಂಬರ್, ಜನವರಿ ಅನ್ನುತ್ತಾರೆ. ಆಗ ನಮ್ಮಲ್ಲಿ ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ ಹಣ್ಣಾಗಿರುತ್ತೆ. ಕಣದಲ್ಲಿ ಹರಡಿದ ಕಾಫಿ ಬಿಟ್ಟು ಹೋಗೋಕೆ ಆಗಲ್ಲ. ಮೇ ತಿಂಗಳಲ್ಲಿ ಮಕ್ಕಳಿಗೂ ರಜೆ. ಆಗ ಹೋಗಬಹುದಾ?

ಕುಶಾಲನಗರದ ಅಕ್ಕ: ಮೇ ಬೇಡವೇ ಬೇಡ ತಮ್ಮಾ. ಜೋಧ್‌ಪುರದಿಂದ ಜೈಸಲ್ಮೇರ್‌ಗೆ ಹೋಗೋ ರೈಲು ದಾರಿಯಲ್ಲೇ ಫಲೋಡಿ ಸಿಗುತ್ತೆ. 2016ರ ಮೇ 19ರಂದು ಅಲ್ಲಿ 51 ಡಿಗ್ರಿ ಬಿಸಿಲು ದಾಖಲಾಗಿದೆ. ಮಧ್ಯಾಹ್ನ ಬೀಸೋ ಲೂ ಅನ್ನೋ ಬಿಸಿ ಗಾಳಿಗೆ ಆ ಊರಿನವರೇ ಬಾಗಿಲು ಹಾಕಿಕೊಂಡು ಕೂರುತ್ತಾರೆ. ವಯಸ್ಸಾದವರನ್ನು ಆಗ ಕರೆದುಕೊಂಡು ಹೋಗೋದು ಅಪಾಯ.

ಸೋಮವಾರಪೇಟೆ ಅಣ್ಣ: ನನ್ನ ಓಟು ಜನವರಿಗೇ. ಒಂದು ವಾರ ಕೊಯ್ಲನ್ನು ತೋಟದ ಕೆಲಸ ನೋಡಿಕೊಳ್ಳೋ ರೈಟರ್‌ಗೆ ಒಪ್ಪಿಸಿ ಹೋಗಿ. ಹಗಲು 24 ಡಿಗ್ರಿ ಆಸುಪಾಸು, ಎಷ್ಟು ನಡೆದರೂ ಸುಸ್ತಾಗಲ್ಲ. ಬೆಳಿಗ್ಗೆ ಸೂರ್ಯ ಹುಟ್ಟೋ ಮೊದಲು ಜೈಸಲ್ಮೇರ್ ಹತ್ತಿರದ ಸಮ್ ಊರಿನ ಮರಳು ದಿಬ್ಬಗಳ ಮೇಲೆ ಹತ್ತಿ ನೋಡಿ. ರಾತ್ರಿ ಓಡಾಡಿದ ಜೀರುಂಡೆಯ ಹೆಜ್ಜೆಗಳು ಹೊಲಿಗೆ ಹಾಕಿದ ಹಾಗೆ ಸಾಲಾಗಿ ಕಾಣುತ್ತವೆ. ಗಾಳಿ ಎದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಮಾಯ.

ಕುಶಾಲನಗರದ ಅಕ್ಕ: ಅಣ್ಣಾ, ರಾತ್ರಿ ವಿಷಯ ಹೇಳಲೇ ಇಲ್ಲ ನೀವು. ಜನವರಿಯಲ್ಲಿ 7, 8 ಡಿಗ್ರಿಗೆ ಇಳಿಯುತ್ತೆ, ಕೆಲವು ದಿನ ಇನ್ನೂ ಕಡಿಮೆ. ಮಡಿಕೇರಿ ಚಳಿ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು. ನಮ್ಮಲ್ಲಿ ಮಂಜು, ಮೋಡ, ಮರಗಳು ನೆಲದ ಶಾಖವನ್ನು ಸ್ವಲ್ಪವಾದರೂ ಹಿಡಿದಿಡುತ್ತವೆ. ಅಲ್ಲಿ ಬರೀ ಒಣ ಗಾಳಿ, ಬೋಳು ಆಕಾಶ. ಮರಳು ಬೇಗ ಕಾಯುತ್ತೆ, ಅಷ್ಟೇ ಬೇಗ ಆರುತ್ತೆ. ಮಧ್ಯಾಹ್ನ ಬೆಚ್ಚಗಿದ್ದ ಜಾಗದಲ್ಲೇ ರಾತ್ರಿ ಸ್ವೆಟರ್ ಮೇಲೆ ಕಂಬಳಿ ಹೊದ್ದು ಕೂತಿದ್ದೆವು ನಾವು. ಬಟ್ಟೆ ಟೆಂಟಿನಲ್ಲಿ ಎಪ್ಪತ್ತರ ಅಮ್ಮನಿಗೆ ಇದು ಕಷ್ಟ ಅಲ್ವಾ?

ವಿರಾಜಪೇಟೆ ಬೈಕರ್: ರಾಜಸ್ಥಾನವೇ ಯಾಕೆ? ಲಡಾಖ್‌ನ ನುಬ್ರಾದಲ್ಲಿ ಹುಂಡರ್ ಇದೆ. ಅದೂ ಮರುಭೂಮಿಯೇ, ಎರಡು ಡುಬ್ಬದ ಒಂಟೆ ಬೇರೆ. ಅಲ್ಲಿನ ಸೀಸನ್ ಜೂನ್‌ನಿಂದ ಸೆಪ್ಟೆಂಬರ್. ಆಗ ಕೊಯ್ಲಿನ ತಲೆಬಿಸಿ ಇಲ್ಲ.

ನಾಪೋಕ್ಲು ತೋಟದವ: ಲೇಹ್ ಊರೇ 3,500 ಮೀಟರ್ ಎತ್ತರದಲ್ಲಿದೆ. ಅಪ್ಪನಿಗೆ ಉಸಿರಾಟದ ತೊಂದರೆ, ಆಗಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದ ಮೇಲೆ ಮಳೆಗಾಲದಲ್ಲಿ ಮನೆಗೆ ಬೀಗ ಹಾಕಿ ಹೋಗೋಕೆ ಮನಸ್ಸೇ ಬರಲ್ಲ.

ಮಡಿಕೇರಿ ಮೇಷ್ಟ್ರು: ಯಾಕೆ ಯಾರೂ ಅಕ್ಟೋಬರ್ ಕೊನೆ ವಾರದ ಬಗ್ಗೆ ಹೇಳಲಿಲ್ಲ? ತಲಕಾವೇರಿಯಲ್ಲಿ ತೀರ್ಥೋದ್ಭವ ಅಕ್ಟೋಬರ್ 17ರ ಹೊತ್ತಿಗೆ ಮುಗಿಯುತ್ತೆ. ಅರೇಬಿಕಾ ಕೊಯ್ಲು ಜೋರಾಗೋದು ನವೆಂಬರ್‌ನಲ್ಲಿ. ನಡುವಿನ ದಿನಗಳು ತೋಟದವರಿಗೆ ಬಿಡುವು. ಜೈಸಲ್ಮೇರ್‌ನಲ್ಲಿ ಆಗ ಹಗಲು 35 ಡಿಗ್ರಿ ಇರುತ್ತೆ, ಒಪ್ಪುತ್ತೇನೆ. ರಾತ್ರಿ 20ರ ಹತ್ತಿರ, ವಯಸ್ಸಾದವರಿಗೆ ಹಿತ. ಹನ್ನೊಂದರಿಂದ ನಾಲ್ಕರವರೆಗೆ ರೂಮಲ್ಲಿ ಮಲಗಲಿ. ಕೋಟೆ, ಗಡಿಸರ್ ಕೆರೆ ಬೆಳಿಗ್ಗೆ ನೋಡಿ, ಸಂಜೆ ದಿಬ್ಬಕ್ಕೆ ಹೋಗಿ. ದೀಪಾವಳಿ ವಾರ ಮಾತ್ರ ತಪ್ಪಿಸಿ, ಆಗ ಜನಜಂಗುಳಿ, ರೂಮ್ ಬಾಡಿಗೆ ಏರುತ್ತೆ.

ಸೋಮವಾರಪೇಟೆ ಅಣ್ಣ: ಮೇಷ್ಟ್ರೇ, 35 ಡಿಗ್ರಿ ನಮ್ಮವರಿಗೆ ಜಾಸ್ತಿಯೇ. ಆದರೂ ಎಪ್ಪತ್ತು ದಾಟಿದವರು ಅಂದ ಮೇಲೆ ರಾತ್ರಿ ಚಳಿಗಿಂತ ಇದೇ ವಾಸಿ ಅನ್ನಿ.

ಗೋಣಿಕೊಪ್ಪದ ತಂಗಿ: ಹಾಗಾದರೆ ಅದೇ ಪ್ರಯಾಣದಲ್ಲಿ ಗುಜರಾತಿನ ಕಛ್‌ನ ಬಿಳಿ ರಣ್, ಆ ಉಪ್ಪಿನ ಬಯಲು ಕೂಡ ಸೇರಿಸಬಹುದಾ?

ಮಡಿಕೇರಿ ಮೇಷ್ಟ್ರು: ಬೇಡಮ್ಮ. ಮಳೆಗಾಲದಲ್ಲಿ ರಣ್ ತುಂಬ ನೀರು ನಿಲ್ಲುತ್ತೆ. ಅದು ಒಣಗಿ ಉಪ್ಪು ಗಟ್ಟಿಯಾಗೋಕೆ ಸಮಯ ಬೇಕು. ಅಕ್ಟೋಬರ್‌ನಲ್ಲಿ ಹೋದರೆ ಸುಮ್ನೆ ಕೆಸರು ನೋಡಿ ಬರಬೇಕಾಗುತ್ತೆ. ಬಿಳಿ ರಣ್ ಪಕ್ಕದ ಧೋರ್ಡೋ ಊರಿನ ಕಡೆ ಡಿಸೆಂಬರ್ ಮೇಲೆ ಹೋಗೋದು ಒಳ್ಳೆಯದು.

ನಾಪೋಕ್ಲು ತೋಟದವ: ಸರಿ ಮೇಷ್ಟ್ರೇ, ತೀರ್ಥೋದ್ಭವ ಆದ ಮೇಲೆ ಹೊರಡುತ್ತೇವೆ. ರಣ್ ಈ ಸಲ ಬೇಡ. ಅಪ್ಪನಿಗೆ ಒಂಟೆ ಸವಾರಿ ಆಗುತ್ತಾ?

ಕುಶಾಲನಗರದ ಅಕ್ಕ: ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಸೊಂಟ ನೋವಿದ್ದರೆ ಒಂಟೆ ಗಾಡಿ ಕೇಳಿ, ಸಮ್‌ನಲ್ಲಿ ಸಿಗುತ್ತೆ. ಇನ್ನೊಂದು, ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತೆ. ಆಗಸ್ಟ್ ಕೊನೆಯೊಳಗೇ ಕೆಳಗಿನ ಬರ್ತ್ ಎರಡು ಹಿಡಿದುಬಿಡಿ.