ಸಂವಹನ ವಿನ್ಯಾಸ ಓದಲು ಬಂದವರಿಗೆ ಒಂದು ವರ್ಷದ ಕೈಕೆಲಸ ಬೇಕೇ?

ಮೊದಲ ವರ್ಷದ ವಿದ್ಯಾರ್ಥಿ:
ದೃಶ್ಯಕಲೆ ಮತ್ತು ಸಂವಹನ ವಿನ್ಯಾಸದ ಪದವಿಗೆ ಸೇರಿ ಮೊದಲ ಸೆಮಿಸ್ಟರ್ ಮುಗಿಸಿದ್ದೇನೆ. ಚಿತ್ರಕಲೆ, ಶಿಲ್ಪ, ವಿನ್ಯಾಸ ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಫೌಂಡೇಶನ್ (ಬುನಾದಿ) ತರಗತಿಯಲ್ಲಿ ಕುಳಿತು ವಸ್ತುಗಳನ್ನೂ ಮನುಷ್ಯಾಕೃತಿಯನ್ನೂ ನೋಡಿ ಬರೆಯುತ್ತೇವೆ, ಬಣ್ಣದ ಕಾಗದ ಕತ್ತರಿಸಿ ಅಂಟಿಸುತ್ತೇವೆ, ಅಕ್ಷರಗಳನ್ನು ಕೈಯಲ್ಲೇ ರಚಿಸುತ್ತೇವೆ. ನಾನು ಕಲಿಯಲು ಬಯಸಿದ್ದು ಮಾಹಿತಿ ವಿನ್ಯಾಸ ಮತ್ತು ಪರದೆಯ ಪುಟವಿನ್ಯಾಸ. ಒಂದು ವಾಕ್ಯ ಬರೆದುಕೊಟ್ಟರೆ ಕಂಪ್ಯೂಟರೇ ಚಿತ್ರ ರಚಿಸಿಕೊಡುವ ಈ ಕಾಲದಲ್ಲಿ ಇಡೀ ವರ್ಷವನ್ನು ಪೆನ್ಸಿಲಿಗೆ ಕೊಡುವುದು ಸರಿಯೇ ಎಂಬ ಸಂಶಯ ನನ್ನನ್ನು ಬಿಡುತ್ತಿಲ್ಲ. ಬಲ್ಲವರು ಕಾರಣಸಹಿತ ತಿಳಿಸಬೇಕೆಂದು ಕೋರುತ್ತೇನೆ.

ವಿನ್ಯಾಸ ಬೋಧಕಿ:
ಈ ತರಗತಿಯ ಮೂಲ ತಿಳಿದರೆ ಉದ್ದೇಶವೂ ತಿಳಿಯುತ್ತದೆ. 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಅವರು ಜರ್ಮನಿಯ ವೈಮಾರ್‌ನಲ್ಲಿ ಬೌಹೌಸ್ ಎಂಬ ಕಲೆ ಮತ್ತು ವಿನ್ಯಾಸದ ಶಾಲೆಯನ್ನು ಆರಂಭಿಸಿದಾಗ, ಯಾವ ಕಾರ್ಯಾಗಾರಕ್ಕೆ ಹೋಗುವವರಾದರೂ ಮೊದಲು ಕಲಿಯಲೇಬೇಕಾದ ಪೂರ್ವಭಾವಿ ಪಾಠವನ್ನು ರೂಪಿಸಿದವರು ಯೋಹಾನೆಸ್ ಇಟ್ಟೆನ್. 1923ರಲ್ಲಿ ಅವರು ಶಾಲೆ ಬಿಟ್ಟ ಮೇಲೆ ಆ ಪಾಠ ಲಾಸ್ಲೊ ಮೊಹೊಲಿ-ನಾಗಿ ಮತ್ತು ಯೋಸೆಫ್ ಆಲ್ಬರ್ಸ್ ಅವರ ಕೈಗೆ ಬಂತು. ಚೆಂದದ ಚಿತ್ರ ಬರೆಯುವುದನ್ನು ಕಲಿಸುವುದು ಅದರ ಗುರಿಯಾಗಿರಲಿಲ್ಲ. ಹಿಂದೆ ಕಲಿತ ಶೈಲಿಗಳ ಹಿಡಿತದಿಂದ ಕಣ್ಣನ್ನು ಬಿಡಿಸಿ, ರೂಪ, ಬಣ್ಣ ಮತ್ತು ಸಾಮಗ್ರಿಗಳನ್ನು ನೇರವಾಗಿ ಪರೀಕ್ಷಿಸುವಂತೆ ಮಾಡುವುದಾಗಿತ್ತು.

ನೀವು ಹೇಳಿದ ಬಣ್ಣದ ಕಾಗದದ ಅಭ್ಯಾಸವನ್ನೇ ತೆಗೆದುಕೊಳ್ಳಿ. ಒಂದೇ ಹಾಳೆಯಿಂದ ಕತ್ತರಿಸಿದ ಎರಡು ತುಂಡುಗಳನ್ನು ಬೇರೆ ಬೇರೆ ಹಿನ್ನೆಲೆಗಳ ಮೇಲಿಟ್ಟು, ಅವು ಎರಡು ಬಣ್ಣಗಳೇ ಎಂದು ನೋಡುವವರು ನಂಬುವಂತೆ ಮಾಡುವ ಪಾಠವನ್ನು ಆಲ್ಬರ್ಸ್ ಮುಂದೆ ಅಮೆರಿಕದಲ್ಲಿ ಬೋಧಿಸುವಾಗ ಬಹಳ ದೂರ ಬೆಳೆಸಿದರು. ಕಾಗದವನ್ನು ಬಳಸುವುದಕ್ಕೆ ಕಾರಣವಿದೆ: ಕಲಸಿದ ಬಣ್ಣ ಪ್ರತಿ ಸಲವೂ ತುಸು ಬದಲಾಗುತ್ತದೆ, ಒಂದೇ ಹಾಳೆಯ ತುಂಡುಗಳು ಬದಲಾಗುವುದಿಲ್ಲ. ಹೀಗಾಗಿ ಕಂಡ ವ್ಯತ್ಯಾಸ ನಮ್ಮ ಕಣ್ಣಿನದೇ ಎಂಬುದು ಖಚಿತವಾಗುತ್ತದೆ. ಪರದೆಯಲ್ಲಿ ತಿಳಿ ಪುಟದ ಮೇಲೆ ಸ್ಪಷ್ಟವಾಗಿದ್ದ ಬೂದು ಗುಂಡಿ (ಬಟನ್) ಕಪ್ಪು ಪುಟದ ಮೇಲೆ ಏಕೆ ಬೇರೆಯಾಗಿ ಕಾಣುತ್ತದೆ ಎಂದು ನಾಳೆ ನೀವು ಕೇಳಿಕೊಂಡಾಗ ಉತ್ತರ ಸಿಗುವುದು ಇಲ್ಲಿಯೇ.

ಪರದೆ ವಿನ್ಯಾಸಕ:
ಬೋಧಕಿಯವರು ಇತಿಹಾಸದ ಅರ್ಧವನ್ನಷ್ಟೇ ಹೇಳಿದ್ದಾರೆ. 1953ರಲ್ಲಿ ಇಂಗೆ ಶೋಲ್, ಓಟ್ಲ್ ಐಖರ್ ಮತ್ತು ಮ್ಯಾಕ್ಸ್ ಬಿಲ್ ಸೇರಿ ಜರ್ಮನಿಯ ಉಲ್ಮ್ ನಗರದಲ್ಲಿ ಕಟ್ಟಿದ ವಿನ್ಯಾಸ ಶಾಲೆ ಬೌಹೌಸ್‌ನ ಉತ್ತರಾಧಿಕಾರಿಯಾಗಿಯೇ ಹುಟ್ಟಿತು. ಆದರೂ ಕೆಲವೇ ವರ್ಷಗಳಲ್ಲಿ ಅದು ಕಲಾವಿದನನ್ನು ಕೇಂದ್ರದಲ್ಲಿಟ್ಟ ಆ ಮಾದರಿಯಿಂದ ದೂರ ಸರಿದು, ಸಂಕೇತಶಾಸ್ತ್ರ (ಚಿಹ್ನೆಗಳು ಅರ್ಥ ಕೊಡುವ ಬಗೆಯ ಅಧ್ಯಯನ), ಸಮಾಜಶಾಸ್ತ್ರ, ಗಣಿತೀಯ ವಿಧಾನಗಳು ಮುಂತಾದವನ್ನು ಪಠ್ಯಕ್ರಮಕ್ಕೆ ತಂದಿತು. 1968ರಲ್ಲಿ ಶಾಲೆ ಮುಚ್ಚಿತಾದರೂ ಅದರ ವಿಚಾರ ಉಳಿಯಿತು. ಸಂವಹನ ವಿನ್ಯಾಸದ ಕೇಂದ್ರದಲ್ಲಿ ಇರಬೇಕಾದವರು ಓದುಗರು.

ಕೆಲಸಕ್ಕೆ ಸೇರಲು ಬರುವವರು ತಮ್ಮ ಕೆಲಸದ ಮಾದರಿಗಳನ್ನು ಕೂಡಿಸಿ ತರುವ ಪೋರ್ಟ್‌ಫೋಲಿಯೊಗಳನ್ನು ನಾನು ನೋಡುತ್ತಿರುತ್ತೇನೆ. ಸುಂದರವಾದ ರೇಖಾಚಿತ್ರಗಳಿರುತ್ತವೆ, ಆದರೆ ಈ ಪುಟ ಯಾರಿಗಾಗಿ, ಅವರು ಎಲ್ಲಿ ತಡವರಿಸಿದರು, ತಡವರಿಸಿದ್ದನ್ನು ಕಂಡು ಏನನ್ನು ಬದಲಿಸಿದಿರಿ ಎಂದು ಕೇಳಿದರೆ ಅನೇಕರು ಮೌನವಾಗುತ್ತಾರೆ. ಉತ್ತರ ಯೂರೋಪ್ ಮೂಲದ ಪುರುಷರಲ್ಲಿ ಸುಮಾರು ಶೇ. 8ರಷ್ಟು ಮಂದಿಗೆ ಕೆಂಪು-ಹಸಿರುಗಳ ವ್ಯತ್ಯಾಸವನ್ನು ಗುರುತಿಸುವುದು ಕಷ್ಟ. ಜಾಲಪುಟಗಳನ್ನು ಎಲ್ಲರೂ ಬಳಸುವಂತಾಗಿಸುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎಎ ಮಟ್ಟವು ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವೆ ಕನಿಷ್ಠ 4.5:1ರ ಹೊಳಪಿನ ವ್ಯತ್ಯಾಸದ (ಕಾಂಟ್ರಾಸ್ಟ್) ಅನುಪಾತವನ್ನು ಕೇಳುತ್ತದೆ. ಕಾಗದ ಕತ್ತರಿಸಿ ಬಣ್ಣದ ಸೂಕ್ಷ್ಮ ಕಲಿತವರಿಗೆ ಇಂಥ ಸಂಗತಿ ಮೊದಲ ವರ್ಷದಲ್ಲಿ ಕಿವಿಗೂ ಬೀಳುವುದಿಲ್ಲವಾದರೆ ಆ ಪಾಠ ಅಪೂರ್ಣ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಲಂಡನ್ ಸುರಂಗ ರೈಲಿನ ಪ್ರಸಿದ್ಧ ನಕ್ಷೆಯನ್ನು ರಚಿಸಿದ ಹ್ಯಾರಿ ಬೆಕ್ ಕಲಾಶಾಲೆಯಿಂದ ಬಂದ ವಿನ್ಯಾಸಕರಲ್ಲ, ಎಂಜಿನಿಯರಿಂಗ್ ಡ್ರಾಫ್ಟ್ಸ್‌ಮನ್. ನಿಲ್ದಾಣಗಳ ನಡುವಿನ ನಿಜವಾದ ದೂರವನ್ನು ಕೈಬಿಟ್ಟು, ಮಾರ್ಗಗಳನ್ನು ಅಡ್ಡ, ಲಂಬ ಮತ್ತು 45 ಡಿಗ್ರಿ ಓರೆ ಗೆರೆಗಳಿಗೆ ಇಳಿಸಿದ ಅವರ ನಕ್ಷೆಯನ್ನು ಮೊದಲು ತಿರಸ್ಕರಿಸಿದ ಸಂಸ್ಥೆಯೇ 1933ರಲ್ಲಿ ಜನರ ಕೈಗೆ ಕೊಟ್ಟಿತು. ಪ್ರಯಾಣಿಕನಿಗೆ ಬೇಕಾದದ್ದು ಎಲ್ಲಿ ಹತ್ತಿ ಎಲ್ಲಿ ಬದಲಿಸಬೇಕೆಂಬ ತಿಳಿವಳಿಕೆ ಎಂದು ಅವರಿಗೆ ಹೊಳೆದಿತ್ತು. ಅದು ಆಲೋಚನೆಯ ಗೆಲುವು.

ಚಿತ್ರಕಾರ:
ಬೆಕ್ ಅವರ ಉದಾಹರಣೆ ನಿಮ್ಮ ವಾದಕ್ಕಿಂತ ಬೋಧಕಿಯವರ ವಾದಕ್ಕೇ ಹೆಚ್ಚು ಒಪ್ಪುತ್ತದೆ. ಡ್ರಾಫ್ಟ್ಸ್‌ಮನ್ ಎಂದರೆ ದಿನವೂ ಗೆರೆ ಎಳೆಯುವುದನ್ನೇ ಉದ್ಯೋಗ ಮಾಡಿಕೊಂಡವರು. ಯಾವ ಗೆರೆ ಅನಗತ್ಯ ಎಂಬ ವಿವೇಕ ಅಂಥ ಅಭ್ಯಾಸದಿಂದ ಬಂದದ್ದು.

ಆದರೆ ನಿಮ್ಮಿಬ್ಬರ ಮಾತಿನಲ್ಲೂ ನನಗೆ ಒಪ್ಪಿಗೆಯಾಗದ ಅಂಶವೊಂದಿದೆ. ಮನುಷ್ಯಾಕೃತಿಯ ಅಧ್ಯಯನವನ್ನು ನೀವು ವಿನ್ಯಾಸಕ್ಕೆ ಏರುವ ಮೆಟ್ಟಿಲಾಗಿ ಮಾತ್ರ ನೋಡುತ್ತಿದ್ದೀರಿ. ಒಂದು ಭಂಗಿಯ ಮುಂದೆ ಗಂಟೆಗಟ್ಟಲೆ ಕುಳಿತು, ತೋಳಿನ ಉದ್ದ ತಪ್ಪಾಗಿದೆಯೆಂದು ಕಂಡುಕೊಂಡು, ಅಳಿಸಿ ಮತ್ತೆ ಬರೆಯುವ ವಿದ್ಯಾರ್ಥಿ ತನಗೆ ಗೊತ್ತಿದೆ ಎಂದುಕೊಂಡದ್ದಕ್ಕೂ ಎದುರಿಗಿರುವುದಕ್ಕೂ ನಡುವಿನ ಅಂತರವನ್ನು ಎದುರಿಸುತ್ತಾನೆ. ಅದಕ್ಕೆ ಬೇರೊಂದು ಪ್ರಯೋಜನದ ಸಮರ್ಥನೆ ಬೇಕಿಲ್ಲ. ಕಾಲೇಜು ಮುಗಿದ ಮೇಲೆ ಇಷ್ಟು ಹೊತ್ತು ನಿಧಾನವಾಗಿ ನೋಡುವ ಅವಕಾಶವನ್ನು ಯಾರೂ ಕೊಡುವುದಿಲ್ಲ.

ಅಕ್ಷರ ವಿನ್ಯಾಸಕಿ:
ಕೈಯಿಂದ ಅಕ್ಷರ ರಚಿಸುವ ಅಭ್ಯಾಸದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪುಟವಿನ್ಯಾಸದ ಪಾಠಗಳು ಬಹುಮಟ್ಟಿಗೆ ಲ್ಯಾಟಿನ್ ಲಿಪಿಯನ್ನು ಆಧರಿಸಿವೆ. ಅಲ್ಲಿ ಹೇಳಿದ ಸಾಲಿನ ಅಂತರವನ್ನು ಕನ್ನಡಕ್ಕೆ ಹಾಗೆಯೇ ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತ ಚಿಹ್ನೆಗೆ ತಾಗುತ್ತದೆ. 'ರಾಷ್ಟ್ರ' ಎಂಬಂಥ ಪದದಲ್ಲಿ ಷಕಾರದೊಂದಿಗೆ ಎರಡು ಒತ್ತುಗಳು ಬರುತ್ತವೆ. ಅವುಗಳಿಗೆ ಎಷ್ಟು ಜಾಗ ಬೇಕು, ಎಷ್ಟು ಕುಗ್ಗಿಸಿದರೆ ಓದಲಾಗದು ಎಂಬುದನ್ನು ಅಗಲ ತುದಿಯ ಲೇಖನಿಯಿಂದ ಬರೆದು ನೋಡಿದವರು ಬೇಗ ಗ್ರಹಿಸುತ್ತಾರೆ. ತಂತ್ರಾಂಶವು ಒಂದು ಅಂಕಿಯನ್ನು ಕೊಡುತ್ತದೆ, ಆ ಅಂಕಿ ಯಾವ ಲಿಪಿಗಾಗಿ ನಿಗದಿಯಾದದ್ದು ಎಂದು ತಾನಾಗಿ ಹೇಳುವುದಿಲ್ಲ.

ಮೊದಲ ವರ್ಷದ ವಿದ್ಯಾರ್ಥಿ:
ಎಲ್ಲರಿಗೂ ಧನ್ಯವಾದಗಳು. ಬಣ್ಣದ ಪಾಠದ ಕಾರಣವನ್ನು ನಮಗೆ ತರಗತಿಯಲ್ಲಿ ಹೀಗೆ ವಿವರಿಸಿದ್ದರೆ ನನ್ನ ಅಸಮಾಧಾನ ಇಷ್ಟು ಬೆಳೆಯುತ್ತಿರಲಿಲ್ಲ. ಕಂಪ್ಯೂಟರ್ ರಚಿಸುವ ಚಿತ್ರಗಳ ಬಗ್ಗೆ ಮಾತ್ರ ಉತ್ತರ ಬರಲಿಲ್ಲ.

ಪರದೆ ವಿನ್ಯಾಸಕ:
ಅದನ್ನು ನಾನೇ ಹೇಳುತ್ತೇನೆ. ಅಂಥ ಸಾಧನ ನಿಮಿಷದೊಳಗೆ ಹಲವು ಚಿತ್ರಗಳನ್ನು ಮುಂದಿಡುತ್ತದೆ. ಅವುಗಳಲ್ಲಿ ಯಾವುದು ಹೇಳಬೇಕಾದ ಮಾತಿಗೆ ಹೊಂದುತ್ತದೆ, ಯಾವುದರಲ್ಲಿ ಬೆಳಕು ಎರಡು ದಿಕ್ಕಿನಿಂದ ಬಿದ್ದಿದೆ ಎಂದು ಗುರುತಿಸಬೇಕಾದವರು ನೀವು. ಆ ಮಟ್ಟಿಗೆ ಚಿತ್ರಕಾರರ ನಿಧಾನ ನೋಟ ಬೇಕೇ ಬೇಕು ಎಂದು ಒಪ್ಪುತ್ತೇನೆ. ಆದರೆ ಓದುಗರ ಮುಂದಿಟ್ಟು ಪರೀಕ್ಷಿಸುವ ಕೆಲಸ ಮೂರನೆಯ ವರ್ಷದವರೆಗೆ ಕಾಯಬಾರದು. ವಿದ್ಯಾರ್ಥಿಗಳು ಕಾಲೇಜಿನ ಬಾಗಿಲಿನಿಂದ ಗ್ರಂಥಾಲಯಕ್ಕೆ ಹೋಗುವ ದಾರಿಯನ್ನು ಕೈಯಿಂದಲೇ ನಕ್ಷೆ ಮಾಡಿ, ಅಲ್ಲಿಗೆ ಹೊಸಬರಾದ ಒಬ್ಬರಿಗೆ ಕೊಟ್ಟು, ಅವರು ನಿಂತಲ್ಲೆಲ್ಲ ಗುರುತು ಹಾಕಿಕೊಂಡು ಬಂದು ಮತ್ತೆ ಬರೆಯಲಿ. ಇದಕ್ಕೆ ಪೆನ್ಸಿಲ್ ಸಾಕು.

ವಿನ್ಯಾಸ ಬೋಧಕಿ:
ಈ ಅಭ್ಯಾಸವನ್ನು ಮೊದಲ ಸೆಮಿಸ್ಟರಿನಲ್ಲೇ ಸೇರಿಸಬಹುದು, ಅದಕ್ಕೆ ನನ್ನ ಸಮ್ಮತಿಯಿದೆ. ಎಲ್ಲರ ಕೆಲಸವನ್ನೂ ಗೋಡೆಗೆ ಹಚ್ಚಿ ಚರ್ಚಿಸುವ ಕ್ರಿಟ್‌ನಲ್ಲಿ ಎರಡು ನಕ್ಷೆಗಳನ್ನೂ ಅಕ್ಕಪಕ್ಕ ಇಡಬೇಕು. ಚೆಂದವಾಗಿದೆ, ಚೆಂದವಾಗಿಲ್ಲ ಎನ್ನುವ ಮಾತಿಗೆ ಅಲ್ಲಿ ಎಡೆ ಇರಬಾರದು. ಎರಡನೆಯದರಲ್ಲಿ ಏನು ಬದಲಾಯಿತು, ಏಕೆ ಬದಲಾಯಿತು ಎಂಬುದಕ್ಕೇ ಅಂಕ ಕೊಡಬೇಕು.

ಚಿತ್ರಕಾರ:
ನಕ್ಷೆಗೆ ಆ ಮಾನದಂಡ ಸರಿ. ಮನುಷ್ಯಾಕೃತಿಯ ತರಗತಿಗೆ ಅದನ್ನೇ ತರುವುದನ್ನು ನಾನು ವಿರೋಧಿಸುತ್ತೇನೆ. ಅಲ್ಲಿ ಕೆಲವರ ನೋಟ ಬದಲಾದದ್ದು ಕಾಗದದ ಮೇಲೆ ಕಾಣಿಸಲು ಮುಂದಿನ ವರ್ಷವೇ ಬೇಕಾಗುತ್ತದೆ. ಆ ತರಗತಿಗೆ ಅಂಕಗಳ ಬದಲು ಹಾಜರಾತಿ ಮತ್ತು ವರ್ಷಾಂತ್ಯದಲ್ಲಿ ಎಲ್ಲ ಹಾಳೆಗಳನ್ನೂ ಒಟ್ಟಿಗೆ ನೋಡುವ ಒಂದು ಮಾತುಕತೆ ಸಾಕು ಎಂದು ನನ್ನ ಸಲಹೆ.