42 ಮಕ್ಕಳು, ನೀರಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಬೇಕೆಂದು ತೋರಿಸುವ ಹೊರಾಕ್ಸ್ ಪೆಟ್ಟಿಗೆ ಒಂದೇ. ಪ್ರಾಕ್ಟಿಕಲ್ ಹೇಗೆ ಮಾಡಿಸುತ್ತೀರಿ?

ಅತಿಥಿ ಉಪನ್ಯಾಸಕಿ:
ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷಕ್ಕೆ ನೀರಿನ ಪ್ರಾಕ್ಟಿಕಲ್ ನನ್ನದು. ಪೆಟ್ಟಿಗೆಯಲ್ಲಿ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು. ಕಪ್ಪರಲ್ಲಿ ಪೌಡರ್ ಕಲಸಿ, ಬಿಳಿ ಬಟ್ಟಲುಗಳ ನೀರಿಗೆ ಒಂದು, ಎರಡು, ಮೂರು ಹೀಗೆ ಹನಿ ಏರಿಸುತ್ತಾ ಹಾಕಬೇಕು. ಅರ್ಧ ಗಂಟೆ ಬಿಟ್ಟು ಸೂಚಕ ದ್ರಾವಣ ಹಾಕಿದರೆ ಕ್ಲೋರಿನ್ ಉಳಿದ ನೀರು ನೀಲಿಯಾಗುತ್ತದೆ, ಮೊದಲು ನೀಲಿಯಾದ ಬಟ್ಟಲೇ ಲೆಕ್ಕ. ನಾನು ಮಾಡುತ್ತೇನೆ, ಮುಂದಿನ ಸಾಲು ನೋಡುತ್ತದೆ, ಹಿಂದಿನ ಸಾಲು ಫೋನ್ ನೋಡುತ್ತದೆ. "ಮೂರನೇ ಬಟ್ಟಲು ನೀಲಿ, ಅಂದರೆ 455 ಲೀಟರಿಗೆ 6 ಗ್ರಾಂ ಬ್ಲೀಚಿಂಗ್ ಪೌಡರ್." ಸೀನಿಯರ್‌ಗಳ ರೆಕಾರ್ಡಿನಿಂದ ಈ ಸಾಲು ವರ್ಷವರ್ಷವೂ ಹಾಗೇ ಇಳಿದು ಬರುತ್ತಿದೆ.

ಈ ಸಲ ಒಂದು ಬಟ್ಟಲಲ್ಲೂ ನೀಲಿ ಬರಲಿಲ್ಲ. ಪೌಡರ್ ಚೀಲದ ಬಾಯಿ ತಿಂಗಳುಗಟ್ಟಲೆ ತೆರೆದೇ ಇತ್ತಂತೆ. ಆದರೂ 39 ರೆಕಾರ್ಡುಗಳಲ್ಲಿ ಮೂರನೇ ಬಟ್ಟಲು ನೀಲಿ! ನಿಜ ಬರೆದ ಮೂವರು ಬಂದು, "ಮೇಡಂ, ಮಾರ್ಕ್ಸ್ ಹೋಗುತ್ತಾ?" ಅಂತ ಕೇಳಿದರು. ಏನು ಹೇಳಲಿ?

ನಿವೃತ್ತ ಹೆಲ್ತ್ ಇನ್ಸ್‌ಪೆಕ್ಟರ್:
ಆ ಪೌಡರ್ ಎಸೆಯಬೇಡಿ ಮೇಡಂ, ಅದೇ ನಿಮ್ಮ ಪಾಠ. ಹೊಸದರಲ್ಲಿ ಸುಮಾರು 33 ಪರ್ಸೆಂಟ್ ಕ್ಲೋರಿನ್ ಇರುತ್ತದೆ, ಗಾಳಿ ತೇವ ತಾಗಿದರೆ ಇಳಿಯುತ್ತಾ ಹೋಗುತ್ತದೆ. ಅರ್ಧ ಗುಂಪಿಗೆ ಹಳೇದು, ಅರ್ಧಕ್ಕೆ ಹೊಸದು ಕೊಡಿ. ಯಾವುದು ಯಾರಿಗೆ ಅಂತ ಹೇಳಲೇಬೇಡಿ. ಬಟ್ಟಲಿಗೆ ಬದಲು 200 ಮಿಲಿಗೆ ಗೆರೆ ಎಳೆದ ಬಿಳಿ ಲೋಟ ಸಾಕು. ಪಿಪೆಟ್ ಮಾತ್ರ ಪೆಟ್ಟಿಗೆಯದೇ ಇರಲಿ. ಹನಿ ದಪ್ಪವಾದರೆ ಲೆಕ್ಕವೇ ಕೆಡುತ್ತದೆ.

ಹಳೇ ಸ್ಟೂಡೆಂಟ್:
ಎರಡು ವರ್ಷದಲ್ಲಿ ನನಗೆ ನೆನಪಿರುವುದು ಒಂದೇ ಪ್ರಾಕ್ಟಿಕಲ್. ನೀರಿನಲ್ಲಿ ಮಲದ ರೋಗಾಣು ಇದ್ದರೆ ಕಪ್ಪಾಗುವ ಎಚ್‌ಟುಎಸ್ ಬಾಟಲಿಗೆ ನಮ್ಮ ಹಾಸ್ಟೆಲ್ ಫಿಲ್ಟರ್ ನೀರನ್ನೇ ತುಂಬಿ ಕಪಾಟಿನ ಮೇಲಿಟ್ಟಿದ್ದೆವು. ಮರುದಿನ ಬೆಳಿಗ್ಗೆ ನೋಡಿದರೆ ಇದ್ದಿಲಿನ ಹಾಗೆ ಕಪ್ಪು. ಆಮೇಲೆ ಯಾರೂ ಹೇಳದೆಯೇ ಟ್ಯಾಂಕ್ ಹತ್ತಿದೆವು. ಮುಚ್ಚಳವೇ ಇರಲಿಲ್ಲ. ನೀರನ್ನು ಮಕ್ಕಳೇ ಮನೆಯಿಂದ ತರಲಿ ಮೇಡಂ.

ಇನ್ನೊಬ್ಬ ಉಪನ್ಯಾಸಕ:
ಎಲ್ಲ ಸರಿ. ಹೊರಗಿನ ಪರೀಕ್ಷಕರು "ಉತ್ತರ ಎಲ್ಲಿ?" ಅಂದರೆ? ನಮ್ಮಲ್ಲಿ ರಿಸಲ್ಟ್ ಕಾಲಂ ಖಾಲಿ ಇದ್ದರೆ ಸೊನ್ನೆ.

ಅತಿಥಿ ಉಪನ್ಯಾಸಕಿ:
ಖಾಲಿ ಯಾಕೆ ಸರ್? "ನೀಲಿ ಬರಲಿಲ್ಲ" ಅನ್ನುವುದೂ ರಿಸಲ್ಟೇ ಅಲ್ವಾ? ಅದರ ಕೆಳಗೆ "ಯಾಕೆ ಬರಲಿಲ್ಲ" ಅಂತ ಎರಡು ಸಾಲು ಬರೆಸುತ್ತೇನೆ. ಆರಾರು ಜನರ ಏಳು ಗುಂಪು ಮಾಡಿದ್ದೇನೆ, ಲೋಟ ನನ್ನ ದುಡ್ಡಲ್ಲೇ ತಂದೆ. ಆ ಮೂವರಿಗೆ ಪೂರ್ತಿ ಮಾರ್ಕ್ಸ್, 39 ರೆಕಾರ್ಡ್ ವಾಪಸ್.

ಇನ್ಸ್‌ಪೆಕ್ಟರ್ ಸರ್, ನೀವು ಹೇಳಿದ ಹಾಗೆ ಹಳೇ ಪೌಡರ್ ಡಬ್ಬಕ್ಕೆ "ಎಸೆಯಬೇಡಿ" ಅಂತ ಚೀಟಿ ಅಂಟಿಸಿದ್ದೆ. ಇವತ್ತು ನಮ್ಮ ಅಟೆಂಡರಣ್ಣ ಅಷ್ಟನ್ನೂ ಟಾಯ್ಲೆಟ್‌ಗೆ ಸುರಿದು ತೊಳೆದಿದ್ದಾರೆ. "ಎಸೆದಿಲ್ಲ ಮೇಡಂ, ಉಪಯೋಗಿಸಿದೆ" ಅಂತಾರೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಹಾಳಾದ ಪೌಡರ್ ಇದೆಯಾ?