ಅಪ್‌ಡೇಟ್: ಆಕ್ಸೆಸ್ ಕಸ್ಟಮ್ ಮೆನು ಕೊನೆಗೂ ಸರಿಹೋಯ್ತು

ಮೊನ್ನೆ ಕೇಳಿದ್ನಲ್ಲ, ಗೋಡೌನ್ ಸ್ಟಾಕ್ ಲೆಕ್ಕದ ಹಳೇ ಆಕ್ಸೆಸ್ 2003 (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಂ) ಫೈಲನ್ನ 2016ರಲ್ಲಿ ಓಪನ್ ಮಾಡಿದ್ರೆ ನಾನು ಕೋಡಲ್ಲಿ ಮಾಡಿದ್ದ ಮೆನು ಕಾಣಿಸ್ತಿಲ್ಲ ಅಂತ, ಅದು ಬಗೆಹರೀತು. ಮೆನು ಎಲ್ಲೂ ಹೋಗಿರ್ಲಿಲ್ಲ, 2007ರಲ್ಲಿ ರಿಬ್ಬನ್ (ಮೇಲ್ಗಡೆ ಟ್ಯಾಬ್‌ಗಳಿರೋ ಪಟ್ಟಿ) ಬಂದ್ಮೇಲೆ ಹಳೇ ಟೂಲ್‌ಬಾರ್‌ಗಳೆಲ್ಲ ಆಡ್-ಇನ್ಸ್ ಟ್ಯಾಬ್ ಒಳಗೆ ಹೋಗಿ ಕೂರುತ್ತವಂತೆ, ನಾನು ಆ ಟ್ಯಾಬ್ ಕಡೆ ನೋಡೇ ಇರ್ಲಿಲ್ಲ.

ಆದ್ರೆ ನಿಜವಾದ ತಲೆನೋವು ಅಲ್ಲಿಂದ ಶುರುವಾಯ್ತು, ಬಟನ್ ಒತ್ತಿದ್ರೆ ಫಂಕ್ಷನ್ ಸಿಗ್ತಿಲ್ಲ ಅಂತ ಎರರ್, ಎರಡು ರಾತ್ರಿ ಸ್ಪೆಲಿಂಗ್ ಚೆಕ್ ಮಾಡಿದ್ದೇ ಮಾಡಿದ್ದು. ಆನ್‌ಆಕ್ಷನ್‌ನಲ್ಲಿ (ಬಟನ್ ಒತ್ತಿದ್ರೆ ಯಾವ ಕೋಡ್ ಓಡ್ಬೇಕು ಅಂತ ಹೇಳೋ ಜಾಗ) ಸಮ ಚಿಹ್ನೆ ಹಾಕಿ ಹೆಸರು, ಬ್ರಾಕೆಟ್ ಎಲ್ಲಾ ಸರಿಯಾಗೇ ಕೊಟ್ಟಿದ್ದೆ, ಆದ್ರೆ ಆ ಕೋಡನ್ನ ಸಬ್ (ಫಂಕ್ಷನ್ ತರ ಉತ್ತರ ವಾಪಸ್ ಕೊಡದ ಕೋಡ್) ಅಂತ ಬರ್ದಿದ್ದೆ, ಅದೂ ಒಂದು ಫಾರ್ಮ್‌ಗೆ ಮಾತ್ರ ಸೇರಿದ ಫಾರ್ಮ್ ಮಾಡ್ಯೂಲ್ ಒಳಗೆ. ಅದು ಪಬ್ಲಿಕ್ ಫಂಕ್ಷನ್ ಆಗಿರ್ಬೇಕು, ಯಾವ ಫಾರ್ಮ್‌ಗೂ ಸೇರದ ಸ್ಟ್ಯಾಂಡರ್ಡ್ ಮಾಡ್ಯೂಲ್‌ನಲ್ಲೇ ಇರ್ಬೇಕು. ಬದಲಾಯಿಸಿದ ತಕ್ಷಣ ಓಡ್ತು, ಎಷ್ಟು ಖುಷಿ ಆಯ್ತು ಅಂದ್ರೆ ಹೇಳೋಕಾಗಲ್ಲ.

ಇನ್ನೊಂದು, ಎರಡನೇ ಸಲ ಫೈಲ್ ತೆಗೆದಾಗ ಎರರ್ 5 ಬರ್ತಿತ್ತು, ಬಾರ್ ಆಡ್ ಮಾಡುವಾಗ ಟೆಂಪೊರರಿ ಟ್ರೂ (ಮುಚ್ಚಿದಾಗ ಬಾರ್ ತಾನೇ ಅಳಿಸಿಹೋಗಲಿ ಅನ್ನೋ ಸೆಟ್ಟಿಂಗ್) ಕೊಡದೇ ಇದ್ದಿದ್ರಿಂದ ಹಳೇ ಬಾರ್ ಹಾಗೇ ಉಳ್ಕೊಂಡು ಅದೇ ಹೆಸರಲ್ಲಿ ಮತ್ತೆ ಆಡ್ ಆಗ್ತಿರ್ಲಿಲ್ಲ, ಈಗ ಮೊದ್ಲು ಡಿಲೀಟ್ ಮಾಡಿ ಆಮೇಲೆ ಆಡ್ ಮಾಡ್ತೀನಿ. ಬೇರೆ ಸಿಸ್ಟಮ್‌ಗೆ ಕಾಪಿ ಮಾಡೋರು ಆ ಫೋಲ್ಡರನ್ನ ಟ್ರಸ್ಟೆಡ್ ಲೊಕೇಶನ್‌ಗೆ (ಆಕ್ಸೆಸ್ ನಂಬೋ ಫೋಲ್ಡರ್‌ಗಳ ಪಟ್ಟಿ) ಸೇರಿಸಿ, ಇಲ್ಲಾಂದ್ರೆ ಕೋಡ್ ಬ್ಲಾಕ್ ಆಗಿ ಬಟನ್ ಒತ್ತಿದ್ರೂ ಕೆಲ್ಸ ಮಾಡಲ್ಲ. ಸಬ್ ಬಗ್ಗೆ ಮೊದ್ಲು ಅನುಮಾನ ಪಟ್ಟು ಹೇಳಿದವ್ರಿಗೆ ತುಂಬಾ ಥ್ಯಾಂಕ್ಸ್ ಸರ್, ನೀವು ಹೇಳಿದ್ದೇ ಸರಿ ಇತ್ತು.